ಒಲ್ಲೆ ಎಂದ ಅಧ್ಯಕ್ಷರು

ಡಾಕ್ಟರ್ ಪರಮಾನಂದನ ಬಲದವಡೆಯ ಹಲ್ಲು ಭಾನುವಾರ ಬೆಳಿಗ್ಗೆ ಒಂದು ತುಂಡು ಕರದಂಟಿನ ಎದುರು ಸೋತುಹೋಯಿತು. ಕಟಕ್ಕೆಂದ ಸದ್ದಿಗೆ ಹೆಂಡತಿ ಕಾವೇರಿ ಅಡುಗೆಮನೆಯಿಂದ ಹೊರಬಂದಳು.

"ಹಲ್ಲಿಂದು ಆಮ್ಯಾಲೆ ನೋಡ್ಕೋರಿ. ಇವತ್ತು ಆ ಅಧ್ಯಕ್ಷಗಿರಿ ಬಿಟ್ಟ ಬರಬೇಕು ನೋಡ್ರಿ. ಎರಡು ವರ್ಷಾತು, ಒಂದ ಐತವಾರನೂ ಮನ್ಯಾಗ ಕೂತಿಲ್ಲ ನೀವು."

"ಇವತ್ತ ಒಲ್ಲೆ ಅಂದ ಬಿಡ್ತೇನಿ," ಎಂದು ಕೆನ್ನೆ ಹಿಡಿದುಕೊಂಡೇ ಮಾತು ಕೊಟ್ಟ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಎಲ್ಲ ಸೇರಿ ದಂತವೈದ್ಯರ ಸಂಘದಲ್ಲಿ ಇದ್ದವರು ಹದಿನಾಲ್ಕು ಜನ. ಜಗಳ ಮಾತ್ರ ನಲವತ್ತು ಜನಕ್ಕಾಗುವಷ್ಟು. ಸಭೆ ಮುಧೋಳದಲ್ಲಿ ಇಟ್ಟರೆ ಬೀಳಗಿಯವರಿಗೆ ಸಿಟ್ಟು; ಬೀಳಗಿಯಲ್ಲಿ ಇಟ್ಟರೆ ಬೀಳಗಿಯವರೇ ಬರುವುದಿಲ್ಲ. ಹಾರ ಯಾರಿಗೆ ಮೊದಲು ಬಿತ್ತು ಎಂಬ ಒಂದೇ ವಿಷಯಕ್ಕೆ ಅಧ್ಯಕ್ಷನಾಗಿ ಪರಮಾನಂದ ಮೂರು ತಿಂಗಳು ಪಂಚಾಯ್ತಿ ಮಾಡಿದ್ದ.

ಆ ದಿನ ಬನಹಟ್ಟಿಯಲ್ಲಿ ಹೊಸ ಅಧ್ಯಕ್ಷರ ಆಯ್ಕೆ. ನೋವು ತಡೆಯಲಾರದೆ ಒಂದು ತಾಸು ಮೊದಲೇ ಹೋಗಿ, ಅಲ್ಲಿಯ ಸದಸ್ಯೆ ಡಾಕ್ಟರ್ ಕುಮುದಿನಿಯ ದವಾಖಾನೆಯಲ್ಲಿ ಬಾಯಿ ತೆರೆದು ಕೂತ. ಬಲಗಡೆ ಇಂಜೆಕ್ಷನ್ ಆಯಿತು. ಸೂಜಿ ಎಡಗಡೆಗೂ ಬಂದಾಗ ಕಣ್ಣರಳಿಸಿದ.

"ಆಂ... ಆಂ!"

"ಸುಮ್ನಿರ್ರಿ ಸರ್, ಆ ಕಡಿನೂ ಸ್ವಲ್ಪ ಕೆಟ್ಟಂಗ ಕಾಣಾಕತ್ತೈತಿ."

ತನ್ನ ಪೇಷಂಟುಗಳ ಕಷ್ಟ ಅವನಿಗೆ ಹದಿನೆಂಟು ವರ್ಷಗಳಲ್ಲಿ ಮೊದಲ ಸಲ ಅರ್ಥವಾಯಿತು. ಹಲ್ಲಿಗೆ ತಾತ್ಕಾಲಿಕ ಸಿಮೆಂಟು ತುಂಬಿಸಿಕೊಂಡು ಎದ್ದಾಗ ಕೆಳತುಟಿ ಮಗ್ಗದಿಂದ ಜಾರಿದ ಸೆರಗಿನಂತೆ ಜೋತಾಡುತ್ತಿತ್ತು. ನಾಲಿಗೆಯಂತೂ ಬೇರೆಯವರ ಚಪ್ಪಲಿ ಮೆಟ್ಟಿದಂತೆ ಅಳತೆಗೇ ಸಿಗುತ್ತಿರಲಿಲ್ಲ.

ಸಭೆಯಲ್ಲಿ ಕಾರ್ಯದರ್ಶಿ, ಮುಧೋಳದ ಡಾಕ್ಟರ್ ಅಮಸಿದ್ದಪ್ಪ ಎದ್ದು ನಿಂತ. "ಪರಮಾನಂದ ಸರ್ ಅವರ ಮುಂದುವರೀಲಿ ಅಂತ ಎಲ್ಲಾರ ಇಚ್ಛಾ ಐತಿ. ಏನಂತೀರಿ ಸರ್?"

ಪರಮಾನಂದ ಇದ್ದ ಶಕ್ತಿಯೆಲ್ಲ ಸೇರಿಸಿ "ಒಲ್ಲೆ!" ಎಂದ. ದಪ್ಪಗಾದ ನಾಲಿಗೆಯ ಮೇಲೆ ಹೊರಳಿ ಅದು "ಒಳ್ಳೆ..." ಎಂದು ಹೊರಬಿತ್ತು.

"ಒಳ್ಳೇದು ಅಂದ್ರು! ಚಪ್ಪಾಳಿ ಹೊಡೀರಿ!" ಎಂದು ಕಾರ್ಯದರ್ಶಿ ಕೂಗಿದ.

ಅವನು ಎರಡೂ ಕೈ ಆಡಿಸಿದ. ಎಲ್ಲರೂ ಅವನತ್ತ ಕೈ ಬೀಸಿದರು. ಬರೆದು ತೋರಿಸೋಣವೆಂದು ಪೆನ್ನು ತೆಗೆದ.

"ಸಹಿ ಮಾಡಾಕ ತಾವ ಪೆನ್ ತಗದ್ರು ನೋಡ್ರಿ!" ಎಂದು ಅಮಸಿದ್ದಪ್ಪ ಕಣ್ಣು ಮುಚ್ಚುವಷ್ಟು ದೊಡ್ಡ ಹಾರ ಹಾಕಿಬಿಟ್ಟ. ಅದನ್ನು ಸರಿಸಿ ನೋಡುವಷ್ಟರಲ್ಲಿ ಸಭೆಯೆಲ್ಲ ಊಟದ ಸಾಲಿನಲ್ಲಿತ್ತು. ಜೋತುಬಿದ್ದ ತುಟಿ, ತೊದಲುವ ನಾಲಿಗೆಯನ್ನೇ ದಿನವೆಲ್ಲ ನೋಡುವ ಹದಿಮೂರು ದಂತವೈದ್ಯರಲ್ಲಿ ಒಬ್ಬರೂ ಇದೇನೆಂದು ಕೇಳಲಿಲ್ಲ!

ಮೂರು ಗಂಟೆಗೆ ನಾಲಿಗೆ ಸ್ವಾಧೀನಕ್ಕೆ ಬಂತು. ಆಗ ಉಳಿದಿದ್ದವಳು ಕುಮುದಿನಿ ಒಬ್ಬಳೇ.

"ನನ್ನ ಎಡಗಡಿ ಹಲ್ಲಿಗೆ ಏನಾಗಿತ್ತರಿ?"

"ಏನೂ ಆಗಿದ್ದಿಲ್ರಿ ಸರ್. ನೀವು ಒಲ್ಲೆ ಅಂದ್ರ ನನ್ನನ್ನ ಅಧ್ಯಕ್ಷರನ್ನ ಮಾಡ್ತೀವಿ ಅಂತ ಅಮಸಿದ್ದಪ್ಪ ಸರ್ ನಿನ್ನೆ ಫೋನ್ ಮಾಡಿದ್ರು. ನನಗ ಆ ಉಸಾಬರಿ ಬ್ಯಾಡಾಗಿತ್ತರಿ, ಅದಕ್ಕ ನಿಮ್ಮ ನಾಲಿಗಿ ಹೊರಳಬಾರದಂತ ಆ ಕಡಿಗೂ ಚುಚ್ಚಿದ್ನಿ. ತಪ್ಪಾತು, ಸಿಟ್ಟಾಗಬ್ಯಾಡ್ರಿ."

ಎರಡು ವರ್ಷದ ಸಿಟ್ಟನ್ನೆಲ್ಲ ನಾಲಿಗೆಯ ತುದಿಗೆ ತಂದುಕೊಂಡು ಪರಮಾನಂದ ಬಾಯಿ ತೆರೆದ. ಅಷ್ಟರಲ್ಲಿ ಬಲದವಡೆಯ ಹಲ್ಲಿನ ನೋವು ಬುಡದಿಂದ ನೆತ್ತಿಯವರೆಗೆ ಒಮ್ಮೆ ಜಗ್ಗಿತು. ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು.

"ಮೇಡಂ, ದವಾಖಾನಿ ಕೀಲಿ ನಿಮ್ಮ ಕಡೇನ ಐತೇನ್ರಿ?" ಎಂದು ಮೆಲ್ಲಗೆ ಕೇಳಿದ.