ಆರು ಕಿಲೋಹರ್ಟ್ಸಿನ ಕಿಟಕಿ

ಲಕ್ಷ್ಮೇಶ್ವರದಲ್ಲಿ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ನಾನು ಹೋಗಿದ್ದ ಎರಡೇ ದಿನಗಳಲ್ಲಿ, ಬೆಟಗೇರಿಯ ನಮ್ಮ ಓಣಿಯ ನೀರಿನ ಸಮಿತಿಯವರು ನಾನು ನಿಗದಿಪಡಿಸಿದ ಅಂಕಿಯನ್ನು ನನ್ನನ್ನು ಕೇಳದೆ ಬದಲಾಯಿಸಿದರು. ಅದನ್ನಾದರೂ ಸಹಿಸಬಹುದಿತ್ತು. ಬದಲಾಯಿಸಿದ ಮೇಲೆ ಯಂತ್ರವು ಸರಿಯಾಗಿ ಕೆಲಸ ಮಾಡತೊಡಗಿತು, ಇದು ಸಹಿಸತಕ್ಕದ್ದಲ್ಲ.

ಓಣಿಯ ನೀರಿನ ಟಾಕಿಗೂ ಅದಕ್ಕೆ ನೀರೇರಿಸುವ ಕೊಳವೆಬಾವಿಗೂ ನಡುವೆ ಒಂದು ಮೈಲಿ ಅಂತರ. ಟಾಕಿ ಖಾಲಿಯಾದ ಸುದ್ದಿಯನ್ನು ಪಂಪಿಗೆ ಮುಟ್ಟಿಸಲು ಎರಡು ರೇಡಿಯೊ ಪೆಟ್ಟಿಗೆಗಳನ್ನು ತರಿಸಿದರು. ನಿಸ್ತಂತು ಇಲಾಖೆಯಲ್ಲಿ ತಲೆ ನರೆಸಿಕೊಂಡು ನಿವೃತ್ತನಾದ ನನಗೇ ಆ ಹೊಣೆ ಬಂದಿತು, ಪೆಟ್ಟಿಗೆಗಳ ಕೀಲಿಕೈ ಸಹಿತ. ರೇಡಿಯೊ ತನ್ನ ಮೂಲ ಕಂಪನದಿಂದ ತುಸು ಮೇಲೆ, ತುಸು ಕೆಳಗೆ ಸರಿದು ಸೊನ್ನೆ ಒಂದುಗಳನ್ನು ನುಡಿಯುತ್ತದೆ. ಆ ಸರಿದಾಟವೇ ವಿಚಲನೆ. ಕೇಳುವ ಪೆಟ್ಟಿಗೆ ತೆರೆದಿಟ್ಟುಕೊಳ್ಳುವ ಕಿಟಕಿಯೇ ಬ್ಯಾಂಡ್‌ವಿಡ್ತ್. ಕಿಟಕಿ ಕಿರಿದಾದಷ್ಟೂ ಗದ್ದಲ ಕಡಿಮೆ, ದನಿ ದೂರ ಮುಟ್ಟುತ್ತದೆ. ಸೆಕೆಂಡಿಗೆ ಸಾವಿರದ ಇನ್ನೂರು ಬಿಟ್‌ಗಳ ವೇಗಕ್ಕೆ ಎರಡೂವರೆಗೆ ತುಸು ಕಡಿಮೆ ಕಿಲೋಹರ್ಟ್ಸ್ ವಿಚಲನೆ ಆರಿಸಿ, ಲೆಕ್ಕ ಹಾಕಿ, ಕಿಟಕಿಗೆ ಆರು ಕಿಲೋಹರ್ಟ್ಸ್ ಇಟ್ಟೆ. ಕೂದಲೆಳೆಯಷ್ಟೂ ಹೆಚ್ಚು ಬಿಡಲಿಲ್ಲ. ಎರಡೂ ಪೆಟ್ಟಿಗೆಗಳನ್ನು ಪಡಸಾಲೆಯ ಒಂದೇ ಬೆಂಚಿನ ಮೇಲಿಟ್ಟು, ಹತ್ತು ದಿನ ಬೆಳಿಗ್ಗೆ ಸ್ನಾನವಾದ ಕೂಡಲೇ ಪರೀಕ್ಷಿಸಿದೆ. ಒಂದು ಅಕ್ಷರವೂ ತಪ್ಪಲಿಲ್ಲ.

ಒಂದನ್ನು ಪಂಪಿನ ಬಳಿಯಿಟ್ಟು ಇನ್ನೊಂದನ್ನು ಟಾಕಿಯ ನೆತ್ತಿಗೇರಿಸಿದ ಮೇಲೆ ಮಾತ್ರ, ಮೇಲಿನ ಪೆಟ್ಟಿಗೆ ಬೆಳಿಗ್ಗೆ ಮಾತಾಡಿ ಮಧ್ಯಾಹ್ನ ಮೌನ ಹಿಡಿಯಿತು. ನಳ ಬತ್ತಿದವು, ಕೊಡಗಳು ನನ್ನ ಬಾಗಿಲಿಗೆ ಬಂದವು. ಎದುರುಮನೆಯ ಗಂಗವ್ವ ಎಲ್ಲರ ಮುಂದೆ, "ಕಾಕಾರ, ನಿಮ್ಮ ರೇಡಿಯೊನೂ ಉಂಡು ಮಕ್ಕೊಂತೈತೇನ್ರಿ?" ಎಂದಳು. ಊಟದ ನಂತರ ನಾನು ತುಸು ಒರಗುವುದುಂಟು. ಅದನ್ನು ಓಣಿಗೆಲ್ಲ ಸಾರಬೇಕಿರಲಿಲ್ಲ. ಪಕ್ಕದ ಮಗ್ಗಗಳ ಮೋಟಾರಿನ ಗದ್ದಲವೇ ಕಾರಣವೆಂದು ತೀರ್ಮಾನಿಸಿ ಕಿಟಕಿಯನ್ನು ಐದಕ್ಕೆ ಇಳಿಸಿದೆ. ಪೆಟ್ಟಿಗೆ ಬೆಳಿಗ್ಗೆ ಹನ್ನೊಂದು ಗಂಟೆಗೇ ಮೌನವಾಯಿತು.

ಲಕ್ಷ್ಮೇಶ್ವರದಿಂದ ಮರಳಿದಾಗ ನಡುಮಧ್ಯಾಹ್ನ ನಳದಲ್ಲಿ ನೀರು ಸುರಿಯುತ್ತಿತ್ತು. ಸಮಿತಿಯಲ್ಲೊಬ್ಬನಾದ, ಸುಟ್ಟ ಮೋಟಾರಿಗೆ ತಂತಿ ಸುತ್ತುವ ಈರಪ್ಪ ನನ್ನ ಹೆಂಡತಿಯಿಂದ ಕೀಲಿಕೈ ಇಸಿದುಕೊಂಡು ಕಿಟಕಿಯನ್ನು ಇಪ್ಪತ್ತೈದು ಕಿಲೋಹರ್ಟ್ಸಿಗೆ ತೆರೆದಿದ್ದ. ನೇರ ಅವನ ಅಂಗಡಿಗೆ ಹೋಗಿ, "ನನಗೊಂದು ಮಾತು ಹೇಳಬೇಕೆಂದು ಅನಿಸಲಿಲ್ಲವೇ?" ಎಂದು ಕೇಳಿದೆ.

"ಹೇಳಿದ್ನಲ್ರಿ ಕಾಕಾರ, ಮೂರು ಸಲ. ಮ್ಯಾಲಿನ ಪೆಟ್ಟಿಗಿ ಬಿಸಲಾಗ ಕಾಯ್ತೈತಿ, ಪಂಪಿನ ಕಡೀದು ಬೇವಿನ ನೆಳ್ಳಾಗ ತಣ್ಣಗ ಐತಿ. ಕಾದದ್ದರ ದನಿ ಜಾರಿ ನಿಮ್ಮ ಕಿಟಕಿ ಬಿಟ್ಟು ಗ್ವಾಡಿಗಿ ಬಡೀತೈತಿ. ಅಗಲ ಮಾಡ್ರಿ ಅಂದ್ರ, ದೂರ ಕೇಳೂದಿಲ್ಲ ಅಂದ್ರಿ. ನಮ್ಮ ಟಾಕಿ ಏನ್ ಶಿರಹಟ್ಟಿಗಿ ಹೊಂಟೈತೇನ್ರಿ?"

ನಾನು ಯಾವ ಅವಮಾನವನ್ನೂ ಮರೆಯುವವನಲ್ಲ. ಮುಂಡರಗಿಯ ಮದುವೆಯೊಂದರಲ್ಲಿ ನನ್ನ ಹೋಳಿಗೆಗೆ ತುಪ್ಪ ಹಾಕದೆ ಮುಂದೆ ಸರಿದವನ ಮುಖ ಇಂದಿಗೂ ಕಣ್ಣ ಮುಂದಿದೆ. ಆದ್ದರಿಂದ ಈರಪ್ಪನ ಮೂರೂ ಸಲಗಳು ಒಡನೆಯೇ ನೆನಪಾದವು. ಮೊದಲನೆಯದು, ತಾಮ್ರದ ತಂತಿ ಬಾಯಲ್ಲಿ ಕಚ್ಚಿಕೊಂಡೇ ನನಗೆ ಎದುರು ನುಡಿದದ್ದು. ಎರಡನೆಯದು, ಟಾಕಿಯ ಮೆಟ್ಟಿಲ ಮೇಲೆ, ನನಗಿಂತ ಒಂದು ಮೆಟ್ಟಿಲು ಮೇಲೆ ನಿಂತು. ಮೂರನೆಯದು ನನ್ನ ಮನೆಯಲ್ಲೇ, ಚಹಾ ಕುಡಿಯದೆ. ದಿನ, ಜಾಗ, ಅವನ ಅಂಗಿಯ ಬಣ್ಣ ಎಲ್ಲವೂ ನೆನಪಿದ್ದವು. ಅವನು ಹೇಳಿದ್ದೇನೆಂಬುದನ್ನು ಮಾತ್ರ ನಾನು ಕೇಳಿಸಿಕೊಂಡಿರಲಿಲ್ಲ.

ಮನೆಯಲ್ಲಿ ಹೆಂಡತಿ, "ಎರಡನ್ನೂ ಒಂದ ಬೆಂಚಿನ ಮ್ಯಾಲ ನೆಳ್ಳಾಗ ಕುಂಡ್ರಿಸಿ ನೋಡಿದ್ರ ಜಗಳ ಹ್ಯಾಂಗ ಕಾಣಬೇಕ್ರೀ?" ಎಂದು ರೊಟ್ಟಿ ತಿರುವಿಹಾಕಿದಳು.

ಕೀಲಿಕೈ ಈಗ ಈರಪ್ಪನ ಅಂಗಡಿಯ ಮೊಳೆಗೆ ತೂಗುತ್ತಿದೆ. ಮಧ್ಯಾಹ್ನ ನನ್ನ ಬಾಗಿಲಿಗೆ ಒಂದು ಕೊಡವೂ ಬರುವುದಿಲ್ಲ, ಬೈಯಲಿಕ್ಕಾದರೂ ಯಾರೂ ಬರುವುದಿಲ್ಲ. ಒರಗಿದರೆ ನಿದ್ದೆಯೂ ಬರುವುದಿಲ್ಲ. ಸಮಿತಿಯವರಿಗೆ ನನ್ನದು ಒಂದೇ ಪ್ರಶ್ನೆ: ನನ್ನ ಸ್ವಭಾವ ಬಲ್ಲ ನೀವು ಮೂರು ಸಲ ಹೇಳಿ ಸುಮ್ಮನಾದಿರಲ್ಲ, ನಾಲ್ಕನೆಯ ಸಲ ಯಾಕೆ ಹೇಳಲಿಲ್ಲ?