ಅತ್ತೆಯ ಸಕ್ಕರೆಗೆ ಹೇರಳೆಕಾಯಿ ಗ್ರನೋಲಾ

ನಮ್ಮ ಮನೆಯಲ್ಲಿ ಯಾವುದೂ ನೆಟ್ಟಗೆ ನಡೆಯುವುದಿಲ್ಲ. ನಡೆಯುವ ಹಾಗಿದ್ದರೂ ನಾನು ಬಿಡುವುದಿಲ್ಲ. ಈ ಸಲದ್ದು ಮಾತ್ರ ಆಟದ ವಿಷಯವಾಗಿರಲಿಲ್ಲ. ಬೆಸಗರಹಳ್ಳಿಯಲ್ಲಿರುವ ನಮ್ಮತ್ತೆಗೆ ಎಡಗಣ್ಣಿನಲ್ಲಿ ಪೊರೆ. ಮೂರು ವಾರದಲ್ಲಿ ಸಕ್ಕರೆ ಕಾಯಿಲೆ ಹತೋಟಿಗೆ ಬಂದರಷ್ಟೇ ಆಪರೇಷನ್ ಎಂದು ಮಂಡ್ಯದ ಡಾಕ್ಟರು ಹೇಳಿಬಿಟ್ಟಿದ್ದರು. ಅತ್ತೆಗೋ ಬೆಳಿಗ್ಗೆ ಬೆಲ್ಲ ಸುರಿದ ಅವಲಕ್ಕಿ ಇಲ್ಲದಿದ್ದರೆ ದಿನವೇ ಹುಟ್ಟುವುದಿಲ್ಲ. ಅದರ ಬದಲಿಗೆಂದು ನನ್ನ ಹೆಂಡತಿ ಮೊಬೈಲು ನೋಡಿ ಗ್ರನೋಲಾ ಮಾಡಲು ಹೊರಟಳು. ಓಟ್ಸು, ಕಡಲೆಕಾಯಿ ಬೀಜ, ಎಳ್ಳು, ಘಮಕ್ಕೆ ಕಿತ್ತಳೆ ಸಿಪ್ಪೆಯ ತುರಿ ಎಲ್ಲ ಕಲಸಿ ಗರಿಗರಿಯಾಗಿ ಹುರಿಯುವುದು. ಸಿಹಿ ಸೊನ್ನೆ.

ಕಿತ್ತಳೆ

ಕಿತ್ತಳೆ ತನ್ನಿ ಎಂದು ಮದ್ದೂರು ಮಾರ್ಕೆಟ್ಟಿಗೆ ಕಳಿಸಿದಳು. ನಾನು ಹೇರಳೆಕಾಯಿ ತಂದೆ.

"ಇದೇನ್ರೀ ಇಷ್ಟು ದಪ್ಪ?"

"ಹೊಸ ತಳಿ ಕಣೇ. ಡಾಕ್ಟರುಗಳ ಮನೇಲೆಲ್ಲ ಇದನ್ನೇ ತಿನ್ನೋದು."

ವರ್ಷಾ ವರ್ಷ ಹೇರಳೆಕಾಯಿ ಉಪ್ಪಿನಕಾಯಿ ಹಾಕುವವಳು ಇದನ್ನು ನಂಬಿದಳೇ ಅಂತ ಕೇಳಬೇಡಿ. ನಂಬಿದಳು ಎಂದೇ ನಾನು ಹೇಳಿಕೊಂಡು ಬಂದಿದ್ದೇನೆ. "ಕಹಿಯಾದ್ರೂ ಸಕ್ಕರೆಗೆ ಒಳ್ಳೇದೇ, ಹಾಗಲಕಾಯಿ ತಿನ್ನಲ್ವಾ?" ಎನ್ನುತ್ತ ಬಿಳಿ ತಿರುಳಿನ ಸಮೇತ ತುರಿದಳು. ಮೊದಲ ತಟ್ಟೆ ನನಗೇ ಬಡಿಸಿ, ಮುಗಿಯುವ ತನಕ ಎದುರಿಗೇ ಕೂತಿದ್ದಳು. ಆ ಕಹಿಗೆ ನನ್ನ ನಾಲಿಗೆ ಎರಡು ದಿನ ಸುಳ್ಳು ಹೇಳಲಿಲ್ಲ.

ಬೇಕರಿ

ಮೂರು ವಾರಕ್ಕಾಗುವಷ್ಟನ್ನು ಬಾಣಲೆಯಲ್ಲಿ ಹುರಿಯಲು ಹೋದರೆ ತಳ ಹಿಡಿಯುತ್ತಿತ್ತು. ಬನ್ನು ತೆಗೆದ ಮೇಲೂ ಓವನ್ನು ಬಿಸಿ ಇರುತ್ತೆ, ಕೊಡಿ ಎಂದ ನಮ್ಮ ಬೀದಿಯ ಬೇಕರಿಯವನು. ಸಂಜೆ ಹೋಗಿ ಟ್ರೇ ನೋಡಿದರೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು!

"ಏನಪ್ಪಾ ಇದು?" ಎಂದಳು ನನ್ನ ಹೆಂಡತಿ.

ಅವನು ದನಿ ತಗ್ಗಿಸಿದ. "ಒಂಚೂರು ಬಾಯ್ಗಾಕ್ಕಂಡೆ ಕಣಕ್ಕ. ಪಾಪ, ಮನೇಲಿ ಏನ್ ತಾಪತ್ರಯನೋ, ಉಪ್ಪು ಖಾರ ಹಾಕದೇ ಮಾಡವ್ರೆ ಅನ್ನುಸ್ತು. ಸರಿ ಮಾಡಿವ್ನಿ. ಯಾರ್ಗೂ ಯೋಳಕಿಲ್ಲ ಬುಡಿ."

ಆ ಟ್ರೇ ಪೂರ್ತಿ ನಾನೇ ಮುಗಿಸಿದೆ. ಅವಳು ಮತ್ತೆ ಕಲಸಿ, ಬೇಕರಿಯಲ್ಲೇ ಸ್ಟೂಲು ಹಾಕಿಕೊಂಡು ಕಾವಲು ಕೂತಳು.

ಬೆಸಗರಹಳ್ಳಿ

ಅತ್ತೆ ಒಂದು ಚಿಟಿಕೆ ತೆಗೆದು ಬಲಗಣ್ಣಿನ ಹತ್ತಿರ ಹಿಡಿದರು.

"ಇದು ನಂಗೋ ಎಮ್ಮೆಗೋ, ಅಳಿಯಂದ್ರೇ?"

"ನಿಮಗೇ ಅತ್ತೆ. ಎಮ್ಮೆಗೆ ಕಣ್ಣು ಚೆನ್ನಾಗಿದೆ."

ನನ್ನ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ವಾ, ನಿನ್ನ ಕಣ್ಣಿಗೋಸ್ಕರ ಮಾಡಿದ್ದು."

ಅತ್ತೆ ಆ ಚಿಟಿಕೆಯನ್ನು ಡಬ್ಬಕ್ಕೇ ಹಾಕಿದರು. "ಆಯ್ತು, ಅಳಬ್ಯಾಡ. ಡಬ್ಬ ಮಡುಗು ಮಗಾ."

ಪ್ರತಿ ಭಾನುವಾರ ಮುಂದಿನ ವಾರದ್ದನ್ನು ತುಂಬಿಸಲು ಹೋದಾಗಲೂ ಡಬ್ಬ ಖಾಲಿ. "ದಿನಾ ತಿಂತಿದ್ದೀಯ ತಾನೇ?" ಎಂದು ಇವಳು ಕೇಳಿದರೆ, "ಖಾಲಿ ಡಬ್ಬ ಕಾಣಕಿಲ್ವಾ? ಪೊರೆ ಬಂದಿರದು ನಂಗೋ ನಿಂಗೋ?" ಎಂದು ಅತ್ತೆಯೇ ಗದರುವರು.

ಮಂಡ್ಯ

ಮೂರು ವಾರಕ್ಕೆ ಸಕ್ಕರೆ ನಿಜಕ್ಕೂ ಇಳಿದಿತ್ತು! ಡಾಕ್ಟರು ರಿಪೋರ್ಟು ಎರಡು ಸಲ ನೋಡಿ, "ಏನು ತಿಂದ್ರಿ?" ಎಂದರು. ನನ್ನ ಹೆಂಡತಿ ಉಬ್ಬಿಹೋಗಿ ಹೇರಳೆ ತುರಿಯಿಂದ ಶುರುಮಾಡಿದಳು. ಬೇರೆ ರೋಗಿಗಳಿಗೂ ಹೇಳೋಣವೆಂದು ಡಾಕ್ಟರು ಪೆನ್ನು ತೆಗೆದರು. ಅತ್ತೆಗೆ ತಡೆಯಲಾಗಲಿಲ್ಲ.

"ಬರ್ಕೋಬ್ಯಾಡಿ ಸ್ವಾಮಿ. ನಾನು ಒಂದ್ ಕಾಳೂ ತಿಂದಿಲ್ಲ."

"ಅವ್ವಾ! ಮತ್ತೆ ಡಬ್ಬ?"

"ನೀನು ಅಷ್ಟು ಕಷ್ಟಪಟ್ಟು ಮಾಡಿದ್ದ ಬಿಸಾಕಕಾಯ್ತದಾ? ದಿನಾ ಬೆಳಗ್ಗೆ ಸೆರಗಿಗೆ ಕಟ್ಕಂಡು ಅವ್ರಿವ್ರ ಮನೆಗೆ ಕೊಡಕೆ ಓಯ್ತಿದ್ದೆ. ಒಂದ್ಸಲ ತಿಂದೋರು ಇನ್ನೊಂದ್ಸಲ ಬಾಗ್ಲೇ ತೆಗೀಲಿಲ್ಲ. ಅದ್ಕೆ ದಿನಕ್ಕೊಂದ್ ಹೊಸಾ ಬೀದಿ. ನಮ್ಮೂರು ಮುಗುದ್ ಮ್ಯಾಲೆ ಪಕ್ಕದೂರ್ಗೂ ನಡ್ಕಂಡೋದೆ. ವಾಪಸ್ ಬರೋ ಹೊತ್ಗೆ ಮುದ್ದೆ ಊಟದ ಹೊತ್ತು. ಅವಲಕ್ಕಿ ತಿನ್ನಕೆ ಪುರುಸೊತ್ತೆಲ್ಲಿತ್ತು?"

ಡಾಕ್ಟರು ಪೆನ್ನು ಮುಚ್ಚಿ, ಗುರುವಾರವೇ ಆಪರೇಷನ್ ಎಂದರು. ಆಮೇಲೆ ನನ್ನ ಹೆಂಡತಿಯ ಕಡೆ ತಿರುಗಿ, "ಅಮ್ಮ, ಕಣ್ಣು ಸರಿಹೋದ ಮೇಲೂ ಇದನ್ನ ಮಾಡ್ತಾನೇ ಇರಿ. ರುಚಿ ಮಾತ್ರ ಸರಿ ಮಾಡಬೇಡಿ," ಎಂದರು.