ಹಿಂದುಗಡೆಯ ಗಡ್ಡೆ

ಎಲೆಯಪ್ಪನಿಗೆ ಬಂದ ಕಷ್ಟಕ್ಕೆಲ್ಲ ಮೂಲ ಆಫೀಸಿನ ಗೋಡೆಗೆ ಅಂಟಿಸಿದ್ದ ಒಂದು ಚೀಟಿ. ‘ಕಚೇರಿಯ ವೇಳೆಯಲ್ಲಿ ಸೈಕ್ಲಮೆನ್ ಎಂಬ ಪದವನ್ನು ಯಾರೂ ಉಚ್ಚರಿಸತಕ್ಕದ್ದಲ್ಲ’ ಎಂದು ಬರೆದು ಕೆಳಗೆ ಮ್ಯಾನೇಜರು ಸಹಿ ಹಾಕಿದ್ದರು. ಅದನ್ನು ಅಂಟಿಸಿದ ದಿನ ನೀರು ಸರಬರಾಜು ಆಫೀಸಿನವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ತಪ್ಪು ಅವರದಲ್ಲ. ದಾಖಲೆ ಕೋಣೆಯ ಈ ಗುಮಾಸ್ತನ ಮನೆಯ ಹಿಂದಿನ ಬಾಲ್ಕನಿಯಲ್ಲಿ ನಲವತ್ತೆರಡು ಕುಂಡಗಳಿದ್ದವು, ಅವುಗಳಲ್ಲಿ ಸೈಕ್ಲಮೆನ್ ಎಂಬ ಗಡ್ಡೆ ಹೂಗಿಡದ ಹನ್ನೊಂದು ಜಾತಿಗಳಿದ್ದವು. ‘ಹೂವಿನ ದಳ ಗಾಳಿಗೆ ತಿರುಗಿದ ಕೊಡೆಯ ಹಾಗೆ ಹಿಂದಕ್ಕೆ ಮಡಚಿರುತ್ತೆ ನೋಡಿ’ ಎಂದು ಶುರುಮಾಡಿದನೆಂದರೆ ಕೇಳುವವನ ಚಹಾ ಆರಿ ನೀರಾಗುತ್ತಿತ್ತು. ಅದಾದ ಮೇಲೆ ಎಲೆಯ ಸರದಿ. ಹೂವು ನಾಲ್ಕು ದಿನದ ನೆಂಟ, ಎಲೆಯೇ ಮನೆಮಗ ಎಂಬುದು ಅವನ ಸಿದ್ಧಾಂತ. ಒಂದರ ಎಲೆಯ ಮೇಲಿನ ಬೆಳ್ಳಿ ಚಿತ್ತಾರ ಇನ್ನೊಂದರ ಮೇಲೆ ಇರುವುದಿಲ್ಲ ಎಂದು ನಲವತ್ತೆರಡನ್ನೂ ವರ್ಣಿಸುತ್ತಿದ್ದ. ಎಲೆಯಪ್ಪ ಎಂಬ ಹೆಸರು ಬಿದ್ದದ್ದು ಹಾಗೆ.

ಆ ದಿನ ಮಧ್ಯಾಹ್ನ ನಾಲ್ಕಕ್ಕೆ ಊರಿನ ಸಭಾಂಗಣದಲ್ಲಿ ಗಿಡಗಳ ಪ್ರದರ್ಶನ. ‘ಅತ್ಯುತ್ತಮ ಎಲೆ’ಗೆ ಬಹುಮಾನವಾಗಿ ಒಂದು ಕಪ್ಪು. ಎಲೆಯಪ್ಪ ಬೀಜ ಹಾಕಿ ಎಂಟು ವರ್ಷ ಸಾಕಿದ ಗಿಡವೊಂದು ಈ ಸಲ ಅಂಚಿನವರೆಗೂ ಅಪ್ಪಟ ಬೆಳ್ಳಿಯ ಎಲೆ ಬಿಟ್ಟಿತ್ತು. ಜೀವಮಾನದಲ್ಲಿ ಅವನಿಗೆ ಯಾವುದರಲ್ಲೂ ಬಹುಮಾನ ಬಂದಿರಲಿಲ್ಲ. ಶಾಲೆಯ ಓಟದಲ್ಲಂತೂ ಎರಡು ಸಲ ದಾರಿ ತಪ್ಪಿದ್ದ. ಈ ಕಪ್ಪು ಅವನಿಗೆ ಬೇಕೇ ಬೇಕಿತ್ತು. ಆದರೆ ಬೆಳಿಗ್ಗೆ ಅರ್ಧ ದಿನದ ರಜೆ ಕೇಳಿದರೆ ಮ್ಯಾನೇಜರು ಅರ್ಜಿಯನ್ನು ಕೊಟ್ಟಷ್ಟೇ ವೇಗದಲ್ಲಿ ಹಿಂದಕ್ಕೆ ತಳ್ಳಿದ್ದರು.

ಹನ್ನೊಂದು ಗಂಟೆಗೆ ಪ್ರದರ್ಶನದ ಕಾರ್ಯದರ್ಶಿಯಾದ ನಿವೃತ್ತ ಪೋಸ್ಟ್‌ಮಾಸ್ಟರ್ ಫೋನು ಮಾಡಿದರು. ಅವರಿಗೆ ಕಿವಿ ಮಂದ. ಹಾಗಾಗಿ ಎಲೆಯಪ್ಪ ಕೂಗಿಯೇ ಮಾತಾಡಬೇಕು, ಗೋಡೆಯ ಚೀಟಿ ನೋಡಿಕೊಂಡು ಗಿಡದ ಹೆಸರನ್ನೂ ನುಂಗಬೇಕು.

“ಹಲೋ ಸಾರ್! ಎಂಟು ವರ್ಷದ ಗಡ್ಡೆ ಸಾರ್! ಈಗ ಅಂಗೈ ಅಗಲ ಆಗಿದೆ! ಇಲ್ಲ ಇಲ್ಲ, ಕೊಳೆತಿಲ್ಲ, ದಿನಾ ಒತ್ತಿ ನೋಡ್ತೀನಿ! ಹೆಂಡತಿಗೆ ಏನೂ ಹೇಳಿಲ್ಲ ಸಾರ್, ಸುಮ್ನೆ ಯಾಕೆ ಗಲಾಟೆ! ನಾಲ್ಕು ಗಂಟೆಗೆ ದೊಡ್ಡವರು ನೋಡ್ತಾರಲ್ವಾ? ಇವತ್ತು ತಪ್ಪಿದ್ರೆ ಮುಂದಿನ ವರ್ಷಕ್ಕೆ ಇರುತ್ತೋ ಹೋಗುತ್ತೋ, ಯಾರು ಕಂಡಿದ್ದಾರೆ!”

ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕನ ಬೆರಳುಗಳು ಕೀಲಿಗಳ ಮೇಲೆಯೇ ನಿಂತುಬಿಟ್ಟವು. ಅವಳು ಬಹಳ ಒಳ್ಳೆಯ ಹೆಂಗಸು, ಊರಿನ ಕಾಯಿಲೆಗಳೆಲ್ಲ ಅವಳಿಗೆ ಬಾಯಿಪಾಠ. ಕರವಸ್ತ್ರ ಬಾಯಿಗೆ ಒತ್ತಿಕೊಂಡು ನೇರವಾಗಿ ಮ್ಯಾನೇಜರ ಕೋಣೆಗೆ ಓಡಿದಳು. ಎರಡೇ ನಿಮಿಷದಲ್ಲಿ ಎಲೆಯಪ್ಪನಿಗೆ ಕರೆ ಬಂತು.

“ಕೂತ್ಕೊಳ್ಳಿ,” ಎಂದರು ಮ್ಯಾನೇಜರು. ಹದಿನಾರು ವರ್ಷದ ನೌಕರಿಯಲ್ಲಿ ಅವನು ಆ ಮಾತು ಕೇಳಿದ್ದು ಅದೇ ಮೊದಲು. “ಗಡ್ಡೆ ಇದೆಯಂತೆ?”

ಎಲೆಯಪ್ಪ ಟೈಪಿಸ್ಟ್ ಅಕ್ಕನನ್ನು ದುರುಗುಟ್ಟಿಕೊಂಡು ನೋಡಿದ. “ಹೌದು ಸಾರ್. ಆದ್ರೆ ನಾನು ಆ ಹೆಸರು ಮಾತ್ರ ಎತ್ತಿಲ್ಲ ಸಾರ್.”

“ಪಾಪ, ಹೆಸರು ಹೇಳೋಕೂ ಭಯ,” ಎಂದು ಟೈಪಿಸ್ಟ್ ಅಕ್ಕ ಬಿಕ್ಕಿದಳು.

“ಎಲ್ಲಿದೆ?” ಎಂದರು ಮ್ಯಾನೇಜರು.

“ಹಿಂದುಗಡೆ ಸಾರ್. ಮುಂದುಗಡೆ ಬಿಸಿಲು ಜಾಸ್ತಿ.”

“ಕೂರೋಕೆ ಕಷ್ಟ ಆಗಲ್ವೇನ್ರೀ?” ಎಂದಳು ಟೈಪಿಸ್ಟ್ ಅಕ್ಕ.

“ಯಾಕೆ ಕಷ್ಟ? ರಜಾ ದಿನ ಪೂರ್ತಿ ಅದರ ಜೊತೆಗೇ ಕೂತಿರ್ತೀನಿ.”

ಮ್ಯಾನೇಜರು ಮುಂದಕ್ಕೆ ಬಾಗಿದರು. “ಬಣ್ಣ ಹೇಗಿದೆ? ಪೂರ್ತಿ ಬೆಳ್ಳಗೋ, ಅಂಚಲ್ಲಿ ಹಸಿರೋ?”

“ಪೂರ್ತಿ ಬೆಳ್ಳಿ ಸಾರ್! ಹಸಿರು ಒಂದು ಗೆರೆಯೂ ಇಲ್ಲ!”

ಮ್ಯಾನೇಜರ ಮುಖ ಇಳಿದುಹೋಯಿತು. ಅದನ್ನು ಕಂಡು ಟೈಪಿಸ್ಟ್ ಅಕ್ಕ ಜೋರಾಗಿಯೇ ಅತ್ತಳು. ಅಂಚಿನ ವಿಷಯ ಅವಳಿಗೂ ಗೊತ್ತಿರಲಿಲ್ಲ, ಬಹಳ ಮುಂದುವರಿದ ಹಂತವಿರಬೇಕು ಅಂದುಕೊಂಡಳು.

“ಅರ್ಧ ದಿನ ಯಾಕೆ, ಪೂರ್ತಿ ದಿನ ರಜೆ ತಗೊಳ್ಳಿ,” ಎಂದರು ಮ್ಯಾನೇಜರು. “ನನ್ನ ಕಾರಲ್ಲೇ ಕರ್ಕೊಂಡು ಹೋಗ್ತೀನಿ.”

ಕಲ್ಲು ಕರಗಿತು ಎಂದು ಎಲೆಯಪ್ಪ ಹಿಗ್ಗಿ ಹೀರೇಕಾಯಿಯಾದ. ಕಾರಿನಲ್ಲಿ “ಸಾರ್, ಮೊದಲು ನಮ್ಮನೆಗೆ ಹೋಗಿ ತಗೊಂಡು...” ಎಂದು ಬಾಯಿ ತೆರೆದರೆ, “ಮಾತಾಡಬೇಡಿ, ಆಯಾಸ ಆಗುತ್ತೆ,” ಎಂದು ಮ್ಯಾನೇಜರು ತಡೆದರು. ಹಿಂದಿನ ಸೀಟಿನಿಂದ ಟೈಪಿಸ್ಟ್ ಅಕ್ಕ ಅವನ ತಲೆ ಸವರಿದಳು. ಕಾರು ಸಭಾಂಗಣವನ್ನು ದಾಟಿ ಆಸ್ಪತ್ರೆಯ ಮುಂದೆ ನಿಂತಾಗಲೇ ಅವನಿಗೆ ಸಂಗತಿ ಹೊಳೆದದ್ದು.

“ಅಯ್ಯೋ! ಅದು ನನ್ನ ಗಡ್ಡೆ ಅಲ್ಲ, ಗಿಡದ ಗಡ್ಡೆ!” ಎಂದು ಕಿರುಚಿದ.

“ನೋಡಿದ್ರಾ ಡಾಕ್ಟ್ರೇ?” ಎಂದರು ಮ್ಯಾನೇಜರು, ಬಾಗಿಲಿಗೆ ಬಂದ ಡಾಕ್ಟರ ಕಡೆ ತಿರುಗಿ. “ಗಿಡದ ಮೇಲೆ ಹಾಕ್ತಾ ಇದಾರೆ. ಬಿಟ್ರೆ ಓಡಿಹೋಗ್ತಾರೆ. ಸಂಜೆವರೆಗೂ ಇಟ್ಕೊಂಡು ಎಲ್ಲಾ ಪರೀಕ್ಷೆ ಮಾಡಿ.”

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಆಸ್ಪತ್ರೆಯಲ್ಲೂ ಇದ್ದರು. ಬೆನ್ನ ಹಿಂದೆ ದಾರ ಕಟ್ಟುವ ಹಸಿರು ನಿಲುವಂಗಿ ತೊಡಿಸಿ ಎಲೆಯಪ್ಪನನ್ನು ಬೋರಲು ಮಲಗಿಸಿದರು. ಒತ್ತಿದರು, ತಟ್ಟಿದರು. ‘ನರ ಶಾಂತವಾಗಲಿ’ ಎಂದು ಬಲಗಡೆಗೆ ಒಂದು ಸೂಜಿ ಚುಚ್ಚಿದರು. ಅವನ ಪ್ಯಾಂಟು ಕಳೆದುಹೋಗಬಾರದೆಂದು ಮ್ಯಾನೇಜರು ಅದನ್ನು ಮಡಚಿ ತಮ್ಮ ಕಾರಿನಲ್ಲೇ ಇಟ್ಟುಕೊಂಡರು. “ಒಂದು ಸಣ್ಣ ಕೆಲಸ ಇದೆ, ಮುಗಿಸಿ ಬರ್ತೀನಿ,” ಎಂದು ಹೊರಟರು.

“ದೇವರಂಥ ಮನುಷ್ಯ,” ಎಂದಳು ಟೈಪಿಸ್ಟ್ ಅಕ್ಕ.

ಮೂರೂಮುಕ್ಕಾಲಿಗೆ ಹೆಂಡತಿ ಅಳುತ್ತಾ ಬಂದಳು. ಟೈಪಿಸ್ಟ್ ಅಕ್ಕ ಫೋನು ಮಾಡದೆ ಬಿಟ್ಟಾಳೆಯೇ? “ರೀ! ಎಂಟು ವರ್ಷದಿಂದ ಗಡ್ಡೆ ಇಟ್ಕೊಂಡು ನನಗೊಂದು ಮಾತು ಹೇಳಲಿಲ್ವಲ್ರೀ! ಈ ಹಾಳು ಗಿಡಾನ ಎಷ್ಟು ಬೈದೆ ನಾನು! ನೋಡಿ, ನಿಮಗಿಷ್ಟ ಅಂತ ಹೊತ್ಕೊಂಡು ಬಂದೆ.”

ಅವಳ ಕೈಯಲ್ಲಿ ಅದೇ ಕುಂಡ! ಎಲೆಗಳು ತಗಡಿನ ಹಾಗೆ ಮಿರುಗುತ್ತಿದ್ದವು. ಎಲೆಯಪ್ಪನಿಗೆ ಜೀವ ಬಂತು. ಕುಂಡ ಕಸಿದುಕೊಂಡು ಮಂಚದಿಂದ ಹಾರಿ ವಾರ್ಡಿನ ಉದ್ದಕ್ಕೂ ಓಡಿದ. ಹಿಂದಿನ ದಾರ ಬಿಚ್ಚಿ ನಿಲುವಂಗಿ ಬಾವುಟದಂತೆ ಹಾರಿತು. ಟೈಪಿಸ್ಟ್ ಅಕ್ಕ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು, ಬೆರಳುಗಳನ್ನು ಮಾತ್ರ ಸ್ವಲ್ಪ ಅಗಲಿಸಿ.

“ಅರೆ! ಹಿಂದುಗಡೆ ಏನೂ ಇಲ್ವಲ್ಲ!” ಎಂದಳು.

ಆದರೆ ಅಷ್ಟರಲ್ಲಿ ಬಾಗಿಲ ಕಾವಲುಗಾರ ಅವನನ್ನು ಕುಂಡದ ಸಮೇತ ತಬ್ಬಿ ಹಿಡಿದಿದ್ದ. ಈ ಸಲ ಸೂಜಿ ಎಡಗಡೆಗೆ ಬಿತ್ತು. ಎಚ್ಚರವಾದಾಗ ಗಂಟೆ ಐದೂವರೆ. ಪಕ್ಕದಲ್ಲಿ ಕುಂಡ ಕ್ಷೇಮವಾಗಿತ್ತು, ಅಕ್ಕಪಕ್ಕದ ರೋಗಿಗಳು ಅದನ್ನು ನೋಡಿ ‘ಪ್ಲಾಸ್ಟಿಕ್ಕಾ?’ ಎಂದು ವಿಚಾರಿಸುತ್ತಿದ್ದರು. ಎಲೆಯಪ್ಪನಿಗೆ ನಿಜವಾಗಿಯೂ ಅಳು ಬಂತು.

ಆಗ ಪೋಸ್ಟ್‌ಮಾಸ್ಟರ್ ಏದುಸಿರು ಬಿಡುತ್ತಾ ಬಂದರು. “ಎಲ್ರೀ ಹೋಗಿದ್ರಿ? ನಿಮ್ಮ ಪಕ್ಕದ ಮನೆಯವರು ಆಸ್ಪತ್ರೆ ಅಂದ್ರು. ಇಂಥಾ ಎಲೆ ಇಟ್ಕೊಂಡು ಇಲ್ಲಿ ಮಲಗಿದ್ದೀರಲ್ಲ! ನೀವು ಬರಲಿಲ್ಲ, ಕಪ್ಪು ಹೊಸಬನೊಬ್ಬನಿಗೆ ಹೋಯ್ತು. ಅವನ ಎಲೆ ಅಂಥಾದ್ದೇನಲ್ಲ. ಬೆಳ್ಳಗೆ ಇತ್ತು, ಆದ್ರೆ ಅಂಚಲ್ಲಿ ಹಸಿರು.”

ಅಂಚಲ್ಲಿ ಹಸಿರು. ಎಲೆಯಪ್ಪ ಮೊಣಕೈ ಊರಿ ತಲೆಯೆತ್ತಿದ.

“ಅಗೋ, ಅವರೇ ಬಂದ್ರಲ್ಲ!” ಎಂದರು ಪೋಸ್ಟ್‌ಮಾಸ್ಟರ್.

ಬಾಗಿಲಲ್ಲಿ ಮ್ಯಾನೇಜರು ನಿಂತಿದ್ದರು. ಎಡಗೈಯಲ್ಲಿ ಮಡಚಿದ ಪ್ಯಾಂಟು, ಬಲಗೈಯಲ್ಲಿ ಹೊಳೆಯುವ ಕಪ್ಪು. ಉಗುರುಗಳ ಸಂದಿಯಲ್ಲಿ ಕುಂಡದ ಮಣ್ಣು.

“ಏನೂ ಇಲ್ಲ ಅಂದ್ರಂತೆ ಡಾಕ್ಟ್ರು, ಸಂತೋಷ. ಹಾಗಾದ್ರೆ ಇವತ್ತಿಂದು ರಜೆ ಲೆಕ್ಕಕ್ಕೆ ಬರಲ್ಲ, ಗೈರುಹಾಜರಿ,” ಎಂದು ಅವರು ಮಂಚದ ಅಂಚಿಗೆ ಕೂತರು.

“ಇನ್ನೊಂದು ಒಳ್ಳೇ ಸುದ್ದಿ. ನಾಳೆ ಗೋಡೆ ಮೇಲಿನ ಚೀಟಿ ಕಿತ್ತುಹಾಕ್ತೀನಿ. ಇಷ್ಟು ವರ್ಷ ನೀವು ಬಾಯಿ ಬಿಟ್ರೆ ನನ್ನ ಬಾಯಲ್ಲೂ ನನ್ನ ಗಿಡದ ಮಾತು ಬಂದುಬಿಡುತ್ತೇನೋ ಅಂತ ಹೆದರಿಕೊಂಡಿದ್ದೆ. ಗುಟ್ಟು ಬಿಟ್ಟುಕೊಟ್ಟು ಗೆಲ್ಲೋಕಾಗುತ್ತಾ? ಈಗ ಹೇಳ್ತೀನಿ ಕೇಳಿ. ಸೈಕ್ಲಮೆನ್ ಹೂವಿನ ದಳ ಇದೆಯಲ್ಲ, ಗಾಳಿಗೆ ತಿರುಗಿದ ಕೊಡೆ ಥರ ಹಿಂದಕ್ಕೆ ಮಡಚಿರುತ್ತೆ...”

ಪೋಸ್ಟ್‌ಮಾಸ್ಟರಿಗೆ ಕಿವಿ ಕೇಳುವುದಿಲ್ಲ. ಟೈಪಿಸ್ಟ್ ಅಕ್ಕನಿಗೆ ತಟ್ಟನೆ ಮನೆಯ ಕೆಲಸ ನೆನಪಾಯಿತು, ಹೆಂಡತಿ ಅವಳನ್ನು ಕಳಿಸಿಬರಲು ಎದ್ದಳು. ಎಲೆಯಪ್ಪನೂ ಎದ್ದು ಓಡಬೇಕೆಂದುಕೊಂಡ. ಆದರೆ ಬಲಗಡೆಗೊಂದು ಎಡಗಡೆಗೊಂದು ಸೂಜಿ ಬಿದ್ದಿತ್ತು, ಪ್ಯಾಂಟು ಇನ್ನೂ ಮ್ಯಾನೇಜರ ತೊಡೆಯ ಮೇಲಿತ್ತು.